ಸಂಘಕ್ಕೆ ಆರು ವರ್ಷ, ಸಾಲವೂ ಸಿಕ್ಕಿದೆ: ಇದು ಸಬಲೀಕರಣವೇ?

ಪ್ರಶ್ನೆ: ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ನಮ್ಮದು ಹದಿನೈದು ಜನರ ಮಹಿಳಾ ಸ್ವಸಹಾಯ ಸಂಘ. ಆರು ವರ್ಷದಿಂದ ವಾರಕ್ಕೆ 50 ರೂಪಾಯಿ ಉಳಿತಾಯ ಮಾಡುತ್ತಿದ್ದೇವೆ. ಬ್ಯಾಂಕಿನಿಂದ ಎರಡು ಸಲ ಸಾಲ ತೆಗೆದು ತೀರಿಸಿದ್ದೇವೆ. ತರಬೇತಿಗೆ ಹೋದಲ್ಲೆಲ್ಲ ನಮ್ಮನ್ನು ಸಬಲರಾದ ಮಹಿಳೆಯರು ಎನ್ನುತ್ತಾರೆ. ಆದರೆ ಸಾಲದ ದುಡ್ಡು ಬಂದ ದಿನವೇ ಗಂಡಸರ ಕೈ ಸೇರುತ್ತದೆ, ಕಂತು ಕಟ್ಟುವುದು ಮಾತ್ರ ನಾವು. ಗ್ರಾಮಸಭೆಗೆ ಹೋದರೆ ಹಿಂದೆ ಕೂತು ಎದ್ದು ಬರುತ್ತೇವೆ. ಸಬಲೀಕರಣ ಎಂದರೆ ನಿಜವಾಗಿ ಏನು? ನಾವು ಏನು ಬದಲಾಯಿಸಬೇಕು? ಪಂಚಾಯಿತಿ ಚುನಾವಣೆಗೆ ನಿಲ್ಲು ಎಂದೂ ಕೆಲವರು ನನಗೆ ಹೇಳುತ್ತಿದ್ದಾರೆ. ನಿಲ್ಲಬೇಕೇ?

ಉತ್ತರ:

ನಿಮ್ಮ ಅನುಮಾನ ಸರಿಯಾಗಿದೆ. ಉಳಿತಾಯ, ಸಾಲ, ತರಬೇತಿ ಇವೆಲ್ಲ ಸಾಧನಗಳು. ಮೊದಲು ನಿಮ್ಮಿಂದ ಆಗದಿದ್ದ ಒಂದು ತೀರ್ಮಾನವನ್ನು ಈಗ ನೀವು ತೆಗೆದುಕೊಳ್ಳಬಲ್ಲಿರಿ, ಅದನ್ನು ಯಾರೂ ಸುಲಭಕ್ಕೆ ಕಿತ್ತುಕೊಳ್ಳಲಾರರು ಎಂಬ ಸ್ಥಿತಿ ಬಂದಾಗ ಮಾತ್ರ ಅದನ್ನು ಸಬಲೀಕರಣ ಎನ್ನಬಹುದು. ಒಬ್ಬ ಹೆಂಗಸಿನ ಮಟ್ಟಿಗೆ ಅದು ಕಾಣುವುದು ದುಡ್ಡು ಯಾರ ಕೈಯಲ್ಲಿದೆ, ಆಸ್ತಿ ಯಾರ ಹೆಸರಲ್ಲಿದೆ ಎಂಬಲ್ಲಿ. ಸಮುದಾಯದ ಮಟ್ಟಿಗೆ ಅದು ಕಾಣುವುದು ಬ್ಯಾಂಕು, ಪಂಚಾಯಿತಿ, ಕಚೇರಿಗಳು ನಿಮ್ಮ ಪ್ರಶ್ನೆಗೆ ಬರಹದಲ್ಲಿ ಉತ್ತರ ಕೊಡಲೇಬೇಕಾಗುತ್ತದೆಯೇ ಎಂಬಲ್ಲಿ. ಎಷ್ಟು ಸಾಲ ಸಿಕ್ಕಿತು ಎಂಬುದು ಇದರ ಅಳತೆಯೇ ಅಲ್ಲ.

ಒಂದು ಸರಳ ಪರೀಕ್ಷೆ ಮಾಡಿ. ಮುಂದಿನ ಸಭೆಯಲ್ಲಿ ಹದಿನೈದು ಜನರನ್ನೂ ಒಂದೇ ಪ್ರಶ್ನೆ ಕೇಳಿ: ನಿಮ್ಮ ಎಟಿಎಂ ಕಾರ್ಡ್ ಯಾರ ಹತ್ತಿರ ಇದೆ, ಬ್ಯಾಂಕಿನ ಮೆಸೇಜು ಯಾರ ಮೊಬೈಲಿಗೆ ಬರುತ್ತದೆ? 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಬರುವಂತಾಗಿದೆ. ಆದರೆ ಕಾರ್ಡು ಮಗನ ಜೇಬಿನಲ್ಲಿ, ಫೋನ್ ನಂಬರು ಗಂಡನದ್ದು ಎಂದಾದರೆ ಖಾತೆಯಲ್ಲಿ ಹೆಸರಷ್ಟೇ ಅವಳದು. ನಂಬರು ಬದಲಾಯಿಸಲು ಬ್ಯಾಂಕಿನಲ್ಲಿ ಒಂದು ಫಾರಂ, ಆಧಾರ್ ಪ್ರತಿ ಸಾಕು. ಸಂಘದವರೆಲ್ಲ ಒಂದೇ ದಿನ ಹೋಗಿ ಮಾಡಿಸಿದರೆ ಯಾರೊಬ್ಬಳ ಮನೆಯಲ್ಲೂ ಅದು ಜಗಳದ ವಿಷಯವಾಗುವುದಿಲ್ಲ. ಸಂಘದಿಂದ ಆಗುವ ದೊಡ್ಡ ಉಪಕಾರ ಇದೇ. ಒಬ್ಬಳು ಮಾಡಿದರೆ ಹಟ ಎನಿಸುವುದು ಹದಿನೈದು ಜನ ಮಾಡಿದರೆ ಪದ್ಧತಿ ಆಗುತ್ತದೆ.

ಸ್ವಸಹಾಯ ಸಂಘದ ಪ್ರಯೋಗ ಮೊದಲು ನಡೆದ ಜಾಗಗಳಲ್ಲಿ ಕರ್ನಾಟಕವೂ ಒಂದು. 1980ರ ದಶಕದ ನಡುವಿನಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಇಲ್ಲಿನ ಹಳ್ಳಿಗಳಲ್ಲಿ ಸಣ್ಣ ಗುಂಪುಗಳನ್ನು ಕಟ್ಟಿತು. 1992ರಲ್ಲಿ ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರುಮಾಡಿತು. 2000-01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು, 2011ರ ನಂತರ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಇಲ್ಲಿ ‘ಸಂಜೀವಿನಿ’ ಹೆಸರಿನಲ್ಲಿ ನಡೆಯುತ್ತಿದೆ. ಮೊದಲಿನಿಂದಲೂ ಇದರ ತಿರುಳು ಒಂದೇ: ಬ್ಯಾಂಕು ಸಾಲ ಕೊಡುವುದು ಗುಂಪಿಗೆ, ಯಾರಿಗೆ, ಯಾವುದಕ್ಕೆ, ಎಷ್ಟು ಬಡ್ಡಿಗೆ ಎಂದು ನಿರ್ಧರಿಸುವುದು ಗುಂಪು. ಆ ನಿರ್ಧಾರವನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಸಂಘ ಬ್ಯಾಂಕಿನ ವಸೂಲಿ ಏಜೆಂಟ್ ಆಗಿ ಉಳಿಯುತ್ತದೆ, ಅಷ್ಟೇ.

ಹಾಗಾಗಿ ಮೊದಲ ದುರಸ್ತಿ ಸಭೆಯಲ್ಲೇ ಆಗಬೇಕು. ಪಂಚಸೂತ್ರ ನಿಮಗೆ ಗೊತ್ತೇ ಇದೆ: ನಿಯಮಿತ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಲೆಕ್ಕಪುಸ್ತಕ. ಇವುಗಳಲ್ಲಿ ಮೊದಲು ಸಡಿಲವಾಗುವುದು ಲೆಕ್ಕಪುಸ್ತಕ. ಆರು ವರ್ಷದ ಸಂಘಗಳಲ್ಲಿ ಸಾಮಾನ್ಯವಾಗಿ ಪುಸ್ತಕ ಬರೆಯುವುದು ಒಬ್ಬಳೇ, ಓದಬಲ್ಲವಳೂ ಅವಳೊಬ್ಬಳೇ. ಅವಳು ಪ್ರಾಮಾಣಿಕಳೇ ಇರಬಹುದು, ಆದರೂ ಉಳಿದ ಹದಿನಾಲ್ಕು ಜನರಿಗೆ ತಮ್ಮ ದುಡ್ಡಿನ ಮೇಲೆ ಹಿಡಿತ ಇರುವುದಿಲ್ಲ. ಅವಳು ಹುಷಾರು ತಪ್ಪಿದರೆ, ಊರು ಬಿಟ್ಟರೆ, ಸಂಘವೇ ನಿಂತುಹೋಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಸಭೆ ಮುಗಿಯುವ ಮೊದಲು ಆ ವಾರದ ನಗದು ಲೆಕ್ಕವನ್ನು ಗಟ್ಟಿಯಾಗಿ ಓದಬೇಕು, ನೋಟುಗಳನ್ನು ಎಲ್ಲರೆದುರು ಎಣಿಸಬೇಕು. ಉದಾಹರಣೆಗೆ, ಹಿಂದಿನ ವಾರದ ಕೈಶಿಲ್ಕು 1,240 ರೂಪಾಯಿ, ಈ ವಾರದ ಉಳಿತಾಯ 750, ಸಾಲದ ಅಸಲು ವಾಪಸು ಬಂದಿದ್ದು 3,400, ಬಡ್ಡಿ 412, ತಡವಾಗಿ ಬಂದವರ ದಂಡ 10. ಒಟ್ಟು 5,812. ಇದರಲ್ಲಿ ಹೊಸ ಸಾಲ ಕೊಟ್ಟಿದ್ದು 4,000, ಬ್ಯಾಂಕಿಗೆ ಕಟ್ಟಿದ್ದು 1,500, ಪುಸ್ತಕ-ಪೆನ್ನಿಗೆ 60. ಉಳಿಯಬೇಕಾದದ್ದು 252. ಪೆಟ್ಟಿಗೆಯಲ್ಲಿ 252 ಇದ್ದರೆ ಸಹಿ ಹಾಕಿ ಏಳಿ. ಇಲ್ಲದಿದ್ದರೆ ಸಿಗುವವರೆಗೂ ಏಳಬೇಡಿ. ಈ ಓದುವ ಕೆಲಸ ಪ್ರತಿ ವಾರ ಬೇರೆ ಬೇರೆ ಸದಸ್ಯೆಯದ್ದಾಗಲಿ. ಅಕ್ಷರ ಬಾರದವರಿಗೆ ಬಾಯಿಲೆಕ್ಕ ಚೆನ್ನಾಗಿಯೇ ಬರುತ್ತದೆ. ಸಂತೆಯಲ್ಲಿ ಒಂದು ರೂಪಾಯಿ ಬಿಡದವರು ಅವರು. ಪಕ್ಕದಲ್ಲೊಬ್ಬರು ಓದಿ ಹೇಳಲಿ, ಅವರು ಕೂಡಿಸಿ ಕಳೆದು ನೋಡಲಿ. ತಿಂಗಳಿಗೊಮ್ಮೆ ಪ್ರತಿ ಸದಸ್ಯೆಯ ಪಾಸ್‌ಬುಕ್ಕನ್ನು ಸಂಘದ ಲೆಡ್ಜರಿನ ಜೊತೆ ತಾಳೆ ನೋಡಿ, ಬ್ಯಾಂಕಿನ ಪಾಸ್‌ಬುಕ್ ಎಂಟ್ರಿ ಹಾಕಿಸಿ ಸಭೆಗೆ ತನ್ನಿ. ಪ್ರತಿನಿಧಿಗಳನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಾಯಿಸಿ. ಬದಲಾಯಿಸಿದಾಗ ನಡಾವಳಿ ಬರೆದು, ಬ್ಯಾಂಕಿನಲ್ಲಿ ಸಹಿಯನ್ನೂ ಬದಲಾಯಿಸದಿದ್ದರೆ ಹಳಬರೇ ದುಡ್ಡು ತೆಗೆಯುವುದು ಮುಂದುವರಿಯುತ್ತದೆ. ಇದನ್ನು ತುಂಬ ಸಂಘಗಳು ಮರೆಯುತ್ತವೆ.

ಈಗ ಬ್ಯಾಂಕ್ ಸಾಲ. ಇಲ್ಲಿ ಆಗುವ ದೊಡ್ಡ ತಪ್ಪು ಸಮಪಾಲು. ಒಂದೂವರೆ ಲಕ್ಷ ಬಂತು, ಹದಿನೈದು ಜನ, ತಲೆಗೆ ಹತ್ತು ಸಾವಿರ. ನೋಡಲು ನ್ಯಾಯ ಎನಿಸುತ್ತದೆ. ಆದರೆ ಎಮ್ಮೆ ಕೊಳ್ಳಬೇಕಾದವಳಿಗೆ ಹತ್ತು ಸಾವಿರ ಎಲ್ಲಿಗೂ ಸಾಲದು. ಅಗತ್ಯವೇ ಇಲ್ಲದವಳ ಹತ್ತು ಸಾವಿರ ಗಂಡನ ಕೈಗೋ, ಹೆಚ್ಚಿನ ಬಡ್ಡಿಗೆ ಬೇರೆಯವರಿಗೋ ಹೋಗುತ್ತದೆ. ನೀವು ಹೇಳುವ ‘ದುಡ್ಡು ಬಂದ ದಿನವೇ ಗಂಡಸರ ಕೈಗೆ’ ಎಂಬುದಕ್ಕೆ ಅರ್ಧ ಕಾರಣ ಈ ಹಂಚಿಕೆಯೇ. ಉದ್ದೇಶವಿಲ್ಲದೆ ಮನೆಗೆ ಬಂದ ದುಡ್ಡನ್ನು ಮನೆಯಲ್ಲಿ ಜೋರಿರುವವರು ತೆಗೆದುಕೊಳ್ಳುತ್ತಾರೆ.

ಇದಕ್ಕೇ ಕಿರುಸಾಲ ಯೋಜನೆ, ಸಂಜೀವಿನಿಯವರು ಎಂಸಿಪಿ ಎನ್ನುವುದು. ಬ್ಯಾಂಕಿಗೆ ತೋರಿಸಲು ಅದನ್ನು ಪುಸ್ತಕ ಬರಹಗಾರರೇ ತುಂಬಿಬಿಡುವುದುಂಟು. ಹಾಗೆ ಮಾಡಬೇಡಿ. ಎರಡು ಸಭೆ ಅದಕ್ಕೇ ಮೀಸಲಿಡಿ. ಪ್ರತಿಯೊಬ್ಬಳೂ ತನ್ನ ಮನೆಯ ಆದಾಯ, ಖರ್ಚು, ಈಗಿರುವ ಸಾಲ, ಯಾವ ಕೆಲಸಕ್ಕೆ ಎಷ್ಟು ಬೇಕು, ಯಾವ ತಿಂಗಳು ಬೇಕು, ಎಷ್ಟು ಕಂತಿನಲ್ಲಿ ತೀರಿಸುತ್ತೇನೆ ಎಂದು ಎಲ್ಲರೆದುರು ಹೇಳಬೇಕು. ನಂತರ ಗುಂಪು ಕೂತು ಸರದಿ ಹಾಕಬೇಕು: ಈ ಸಲ ಐವರಿಗೆ, ಅವರ ಕಂತು ಬಂದ ಹಾಗೆ ಮುಂದಿನವರಿಗೆ. ಔಷಧಿಗೆ, ಶಾಲೆ ಫೀಸಿಗೆ ಎಂದು ಆಂತರಿಕ ಉಳಿತಾಯದಲ್ಲಿ ಸ್ವಲ್ಪ ಪ್ರತ್ಯೇಕವಾಗಿರಲಿ. ಹದಿನೈದು ಜನರೆದುರು ‘ಹೊಲಿಗೆ ಮಷೀನಿಗೆ’ ಎಂದು ಬರೆಸಿದ ಹಣವನ್ನು ಬೇರೆ ಕಡೆ ತಿರುಗಿಸುವುದು ಮನೆಯವರಿಗೂ ಅಷ್ಟು ಸುಲಭವಲ್ಲ. ಸಾಧ್ಯವಿದ್ದಲ್ಲಿ ಹಣವನ್ನು ಅಂಗಡಿಯವರ ಖಾತೆಗೇ ಹಾಕಿ ಬಿಲ್ಲನ್ನು ಸದಸ್ಯೆಯ ಹೆಸರಿಗೆ ಪಡೆಯಿರಿ.

ಬ್ಯಾಂಕಿನವರು ಹೇಳಿದ್ದೇ ನಿಯಮ ಎಂದುಕೊಳ್ಳಬೇಡಿ. ಜೀವನೋಪಾಯ ಅಭಿಯಾನದ ಸಂಘಗಳಿಗೆ 2022ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ ಮೊದಲ ಸಾಲ ಸಂಘದ ನಿಧಿಯ ಆರು ಪಟ್ಟು ಅಥವಾ ಒಂದೂವರೆ ಲಕ್ಷ, ಯಾವುದು ಹೆಚ್ಚೋ ಅದು. ಸಂಘದ ನಿಧಿ ಎಂದರೆ ಬ್ಯಾಂಕಿನಲ್ಲಿರುವ ಉಳಿತಾಯವಷ್ಟೇ ಅಲ್ಲ, ಅಭಿಯಾನದಿಂದ ಸಿಕ್ಕ ಸುತ್ತುನಿಧಿ (ಒಳಗೇ ಸಾಲವಾಗಿ ತಿರುಗಿಸಲು ಕೊಡುವ ಹಣ), ಗಳಿಸಿದ ಬಡ್ಡಿ, ಸದಸ್ಯರಿಗೆ ಕೊಟ್ಟ ಸಾಲ ಎಲ್ಲ ಸೇರಿ. ನಿಮ್ಮಂಥ ಹದಿನೈದು ಜನರ ಸಂಘ ಆರು ತಿಂಗಳಲ್ಲಿ ಉಳಿಸುವುದು 19,500. ಅದರ ಆರು ಪಟ್ಟು 1,17,000. ಆದ್ದರಿಂದ ಒಂದೂವರೆ ಲಕ್ಷ ಸಿಗಬೇಕು. ಮೂರು ಲಕ್ಷದವರೆಗಿನ ಸಾಲಕ್ಕೆ ವರ್ಷಕ್ಕೆ ಶೇ 7ರ ಬಡ್ಡಿ. ಹತ್ತು ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ, ಸಂಘದ ಉಳಿತಾಯ ಖಾತೆಯ ಹಣವನ್ನು ಸಾಲಕ್ಕೆ ಭದ್ರತೆಯಾಗಿ ತಡೆಹಿಡಿಯುವಂತಿಲ್ಲ. ‘ಮೊದಲು ಇಷ್ಟು ಠೇವಣಿ ಇಡಿ’ ಎಂದರೆ ಅದನ್ನು ಬರೆದುಕೊಡಿ ಎಂದು ಕೇಳಿ. ಬಹಳ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ನಿಮ್ಮ ಪಂಚಾಯಿತಿ ಮಟ್ಟದ ಸಂಘಗಳ ಒಕ್ಕೂಟದ ಮೂಲಕ ತಾಲ್ಲೂಕಿನ ಸಂಜೀವಿನಿ ಕಚೇರಿಗೂ ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕಿಗೂ ಅರ್ಜಿ ಕೊಡಿ.

ಬಡ್ಡಿ ಲೆಕ್ಕ ಪ್ರತಿ ಸದಸ್ಯೆಗೂ ಬರಲೇಬೇಕು, ಯಾಕೆಂದರೆ ಊರಿನ ಮೈಕ್ರೋಫೈನಾನ್ಸ್ ಗುಂಪುಗಳು ಸೋಲಿಸುವುದು ಇಲ್ಲಿಯೇ. ಇಪ್ಪತ್ತು ಸಾವಿರ ಸಾಲ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ಹತ್ತು ಕಂತು ಎಂದುಕೊಳ್ಳಿ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ ಮೊದಲ ತಿಂಗಳು 400, ಎರಡನೇ ತಿಂಗಳು 360, ಹೀಗೆ ಇಳಿಯುತ್ತಾ ಒಟ್ಟು 2,200 ಆಗುತ್ತದೆ. ಅದೇ ದರವನ್ನು ಇಡೀ ಇಪ್ಪತ್ತು ಸಾವಿರದ ಮೇಲೆ ಹತ್ತೂ ತಿಂಗಳು ಹಾಕಿದರೆ 4,000. ದರದ ಹೆಸರು ಒಂದೇ, ಕೊಡುವ ದುಡ್ಡು ಹೆಚ್ಚುಕಡಿಮೆ ಎರಡು ಪಟ್ಟು. ನಿಮ್ಮ ಸಂಘದ ಒಳಗಿನ ಸಾಲಕ್ಕೂ ಇಳಿಯುವ ಬಡ್ಡಿಯನ್ನೇ ಇಟ್ಟುಕೊಳ್ಳಿ.

ಮೈಕ್ರೋಫೈನಾನ್ಸ್ ಗುಂಪು ಬೇರೆ, ಸ್ವಸಹಾಯ ಸಂಘ ಬೇರೆ. ಅಲ್ಲಿ ಗುಂಪಿನವರು ಒಬ್ಬರಿಗೊಬ್ಬರು ಜಾಮೀನು, ಗುಂಪಿಗೆ ಸ್ವಂತ ನಿಧಿ ಇಲ್ಲ, ತೀರ್ಮಾನವೂ ಇಲ್ಲ. ಅಲ್ಲಿ ಸಾಲ ತೆಗೆಯುವುದೇ ತಪ್ಪು ಎನ್ನುತ್ತಿಲ್ಲ. ಆದರೆ ನಾಲ್ಕು ಕಡೆ ಸಾಲ ಮಾಡಿ ಒಂದರಿಂದ ಇನ್ನೊಂದನ್ನು ಕಟ್ಟುವ ಸ್ಥಿತಿ ಬಂದರೆ ಆರು ವರ್ಷದ ಸಂಘವೂ ಒಡೆಯುತ್ತದೆ. ನಿಯಮದ ಪ್ರಕಾರ ಒಂದು ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆದಾಯದ ಅರ್ಧ ಮೀರಬಾರದು, ಸಾಲದ ಕಾರ್ಡು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಪರವಾನಗಿ ಇಲ್ಲದೆ ಸಾಲ ಕೊಡುವವರ ಕಿರುಕುಳದ ವಿರುದ್ಧ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆಯಲ್ಲಿ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇತ್ತು. ಮನೆ ಮುಂದೆ ಕೂತು ಅವಮಾನ ಮಾಡುವವರು ಬಂದರೆ ಆ ಒಬ್ಬಳನ್ನು ಒಂಟಿಯಾಗಿ ಬಿಡದೆ ಸಂಘದ ಹೆಸರಿನಲ್ಲೇ ಠಾಣೆಗೆ ದೂರು ಬರೆದುಕೊಡಿ.

ಇನ್ನು ಆಸ್ತಿ. ಎಮ್ಮೆ ಕೊಂಡಿರಿ ಎಂದುಕೊಳ್ಳೋಣ. ಡೇರಿಯಲ್ಲಿ ಹಾಲು ಯಾರ ಹೆಸರಿಗೆ ಬೀಳುತ್ತದೆ? ಮೇವು ತರುವುದು, ಸಗಣಿ ಬಾಚುವುದು, ಹಿಂಡುವುದು ಹೆಂಗಸು. ಡೇರಿ ನಂಬರು ಗಂಡನದ್ದು. ಹಾಗಾದರೆ ಬಟವಾಡೆ ಅವನ ಖಾತೆಗೆ, ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನ ಅವನ ಖಾತೆಗೆ, ಬೋನಸ್ಸು ಅವನಿಗೆ, ಸಹಕಾರ ಸಂಘದಲ್ಲಿ ಓಟೂ ಅವನದೇ. ಸದಸ್ಯತ್ವದ ಷೇರು ನಿಮ್ಮ ಹೆಸರಿಗೆ ಕೊಂಡು ನಿಮ್ಮ ನಂಬರಿಗೆ ಹಾಲು ಹಾಕಿ. ರಾಸಿನ ವಿಮೆಯೂ ನಿಮ್ಮ ಹೆಸರಿಗೇ ಇರಲಿ. ಸಾಲದ ಕಂತನ್ನು ಆ ಬಟವಾಡೆಯಿಂದಲೇ ಕಟ್ಟುವಂತಾದರೆ ದುಡ್ಡಿನ ಹಾದಿ ಮೊದಲಿನಿಂದ ಕೊನೆಯವರೆಗೂ ನಿಮ್ಮ ಕಣ್ಣೆದುರೇ ಇರುತ್ತದೆ. ಸಾಲದ ಹಣ ಗಂಡನ ಹೊಲಕ್ಕೋ ಆಟೋಗೋ ಹೋಗುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಸಂಸಾರ ಇಬ್ಬರದೂ. ಆದರೆ ಹಾಗೆ ಕೊಡುವಾಗ ವಾಪಸು ಕಂತು ಯಾರು, ಯಾವ ತಾರೀಕಿಗೆ ಕೊಡುತ್ತಾರೆ ಎಂಬುದು ಸಾಲ ತೆಗೆಯುವ ಮೊದಲೇ ಮನೆಯಲ್ಲಿ ಇತ್ಯರ್ಥವಾಗಬೇಕು. ಅದಕ್ಕೆ ಗಂಡಂದಿರನ್ನೂ ಒಂದು ಸಭೆಗೆ ಕರೆದು ಎಂಸಿಪಿ ಓದಿ ಹೇಳಿ.

ಜಮೀನಿನ ವಿಷಯ ಇನ್ನೂ ಗಟ್ಟಿ. ಪಹಣಿಯ 9ನೇ ಕಾಲಂ ನೋಡಿ, ಅಲ್ಲಿ ಯಾರ ಹೆಸರಿದೆ? ಹಿಂದೂ ಅವಿಭಕ್ತ ಕುಟುಂಬದಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, ಆದರೆ ಆಗಲೇ ಮದುವೆಯಾಗಿದ್ದವರನ್ನು ಬಿಟ್ಟು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ಹಕ್ಕು ಕೊಟ್ಟಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾಗಿ ಇಲ್ಲವೇ ಕೋರ್ಟ್ ಡಿಕ್ರಿಯಿಂದ ಆದ ಪಾಲು ಮಾತ್ರ ಹಾಗೆಯೇ ಉಳಿಯುತ್ತದೆ. ಎಡವುವುದು ಎಲ್ಲಿ ಎಂದರೆ, ತವರಿನವರು ಸೀರೆ ಉಡಿಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವಲ್ಲಿ. ಅಣ್ಣನಿಗೆ ಬಿಟ್ಟುಕೊಡುವುದು ಬಿಡುವುದು ನಿಮ್ಮ ಇಷ್ಟ. ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕುವ ಮೊದಲು ಸರ್ವೆ ನಂಬರು, ಎಕರೆ-ಗುಂಟೆ ಓದಿಸಿಕೊಂಡು, ಬಿಡುತ್ತಿರುವುದೇನು ಎಂದು ತಿಳಿದಿರಬೇಕು. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಸಹಾಯವಾಣಿ 15100.

ಒಂದು ಪ್ರಶ್ನೆಯನ್ನು ನೀವು ಕೇಳಿಲ್ಲ, ನಾನು ಕೇಳುತ್ತೇನೆ. ನಿಮ್ಮ ಹದಿನೈದು ಜನರಲ್ಲಿ ಊರಿನ ಯಾವ ಯಾವ ಕೇರಿಯವರಿದ್ದಾರೆ? ಗಂಡ ಬಿಟ್ಟವರು, ಗೋವಾಕ್ಕೋ ಬೆಂಗಳೂರಿಗೋ ಗುಳೆ ಹೋಗಿ ಬರುವವರು, ಅಂಗವಿಕಲರು ಇದ್ದಾರೆಯೇ? ಬಡವರಲ್ಲಿ ಬಡವರು ಸಂಘದಿಂದ ಜಾರುವುದು ಉಳಿತಾಯದ ಮೊತ್ತ ಏರಿಸಿದಾಗ ಮತ್ತು ಗೈರುಹಾಜರಿಗೆ ದಂಡ ಹಾಕಿದಾಗ. ಗುಳೆ ಹೋಗುವವರಿಗೆ ಮೂರು ತಿಂಗಳದ್ದು ಒಟ್ಟಿಗೆ ಕಟ್ಟಲು ಬಿಡಿ. ಸಭೆ ಯಾವಾಗಲೂ ಅಧ್ಯಕ್ಷೆಯ ಮನೆ ಪಡಸಾಲೆಯಲ್ಲೇ ನಡೆದರೆ, ಕೆಲವರು ಅಂಗಳದಲ್ಲೇ ಕೂರುವಂತಾದರೆ, ಆ ಸಂಘ ಊರಿನ ಹಳೆಯ ಮೇಲು-ಕೀಳನ್ನು ಹೊಸ ಪುಸ್ತಕದಲ್ಲಿ ಬರೆದುಕೊಂಡಂತೆ. ಅಂಗನವಾಡಿಯಲ್ಲೋ ಶಾಲೆಯಲ್ಲೋ ಸೇರಿ, ಇಲ್ಲವೇ ಎಲ್ಲ ಕೇರಿಗಳಲ್ಲೂ ಸರದಿಯಂತೆ ಸೇರಿ. ಸಮುದಾಯದ ಸಬಲೀಕರಣದ ಮಾತು ಇದನ್ನು ಬಿಟ್ಟು ಆಡಲು ಬರುವುದಿಲ್ಲ.

ಗ್ರಾಮಸಭೆಯಲ್ಲಿ ಹಿಂದೆ ಕೂರುವುದಕ್ಕೆ ಕಾರಣ ಧೈರ್ಯದ ಕೊರತೆ ಎನ್ನುವವರನ್ನು ನಾನು ಒಪ್ಪುವುದಿಲ್ಲ. ತಯಾರಿ ಇಲ್ಲದಿರುವುದು ಕಾರಣ. ಕರ್ನಾಟಕದ ಕಾಯ್ದೆಯಲ್ಲಿ ಗ್ರಾಮಸಭೆಗೆ ಮೊದಲು ವಾರ್ಡ್ ಸಭೆ ಇದೆ, ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಬೇಕು. ಬೇಡಿಕೆ ಹುಟ್ಟಬೇಕಾದದ್ದು ಅಲ್ಲಿ. ಗ್ರಾಮಸಭೆಗೆ ಬರುವಷ್ಟರಲ್ಲಿ ಪಟ್ಟಿ ಹೆಚ್ಚುಕಡಿಮೆ ಸಿದ್ಧವಾಗಿರುತ್ತದೆ. ಸಂಜೀವಿನಿ ಒಕ್ಕೂಟಗಳು ಪ್ರತಿ ವರ್ಷ ಮಾಡುವ ಹಳ್ಳಿಯ ಬೇಡಿಕೆ ಯೋಜನೆಯನ್ನು ಪಂಚಾಯಿತಿಯ ಅಭಿವೃದ್ಧಿ ಯೋಜನೆಗೆ ಸೇರಿಸುವ ವ್ಯವಸ್ಥೆಯೂ ಇದೆ. ಅದನ್ನು ಬಳಸಿ. ಹತ್ತು ಬೇಡಿಕೆ ಬೇಡ, ಒಂದನ್ನು ಹಿಡಿಯಿರಿ. ‘ನೀರಿನ ಸಮಸ್ಯೆ ಇದೆ’ ಎಂದರೆ ‘ನೋಡೋಣ’ ಎಂಬ ಉತ್ತರ ಬರುತ್ತದೆ. ‘ಇಂಥ ಕೇರಿಯ ಇಂಥ ಬೀದಿಯಲ್ಲಿ ಇಷ್ಟು ಮನೆ, ನಲ್ಲಿಯಲ್ಲಿ ವಾರಕ್ಕೆ ಎರಡು ದಿನ ಅರ್ಧ ಗಂಟೆ ನೀರು, ಪೈಪ್ ಇಂಥ ಕಡೆ ಒಡೆದಿದೆ’ ಎಂದು ಬರೆದು, ಸಹಿ ಹಾಕಿ, ಎರಡು ಪ್ರತಿ ತಯಾರಿಸಿ. ಒಂದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಸಭೆಯಲ್ಲಿ ಮೂವರು ಬೇರೆ ಬೇರೆ ಜಾಗದಲ್ಲಿ ಕೂತು ಒಂದೇ ವಿಷಯ ಎತ್ತಿ. ಎಲ್ಲಕ್ಕಿಂತ ಮುಖ್ಯ, ಸಭೆ ಮುಗಿಯುವ ಮೊದಲು ‘ನಡಾವಳಿಯಲ್ಲಿ ಏನು ಬರೆದಿರಿ, ಓದಿ’ ಎಂದು ಕೇಳಿ. ನಡಾವಳಿಯಲ್ಲಿ ಬರದ ಮಾತು ಸಭೆಯಲ್ಲಿ ಆಡಿದಂತೆಯೇ ಅಲ್ಲ. ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಉತ್ತರಕ್ಕೆ 30 ದಿನ.

ಹೀಗೆ ಕೇಳತೊಡಗಿದ ಮೇಲೆ ಕೆಲವು ಮನೆಗಳಲ್ಲಿ ಹೊಡೆತ ಬಡಿತ ಹೆಚ್ಚುವುದುಂಟು. ಅದನ್ನು ಸಂಸಾರದ ಒಳಗಿನ ಮಾತು ಎಂದು ಸಂಘ ಕೈಬಿಡಬಾರದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕೌಟುಂಬಿಕ ಹಿಂಸೆ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೇ ಸಂರಕ್ಷಣಾಧಿಕಾರಿ. ನಂಬರುಗಳನ್ನು ಸಂಘದ ಪುಸ್ತಕದ ಒಳಹೊದಿಕೆಯ ಮೇಲೆ ಬರೆದಿಡಿ.

ಕೊನೆಗೆ ಚುನಾವಣೆ. ಹೆಂಗಸರಿಗೆ ಪಂಚಾಯಿತಿಯಲ್ಲಿ ಮೀಸಲಾತಿಯ ವಿಷಯದಲ್ಲಿ ಕರ್ನಾಟಕ ಮುಂದಿತ್ತು. 73ನೇ ತಿದ್ದುಪಡಿ 1993ರಲ್ಲಿ ದೇಶಕ್ಕೆಲ್ಲ ಮೂರನೇ ಒಂದು ಪಾಲು ತರುವ ಮೊದಲೇ, 1983ರ ಕಾಯ್ದೆ ಇಲ್ಲಿ ಶೇ 25 ಸ್ಥಾನ ಕೊಟ್ಟಿತ್ತು. 2010ರಿಂದ ಅದು ಅರ್ಧ. ಸ್ಥಾನಕ್ಕೆ ಕೊರತೆ ಇಲ್ಲ. ಕೊರತೆ ಇರುವುದು ಆ ಸ್ಥಾನದಲ್ಲಿ ಕೂತವಳೇ ಕೆಲಸ ಮಾಡುವಲ್ಲಿ. ನನ್ನ ಸಲಹೆ: ನಿಲ್ಲಿ, ಆದರೆ ಈಗಿನಿಂದ ಚುನಾವಣೆಯವರೆಗೆ ಪ್ರತಿ ವಾರ್ಡ್ ಸಭೆ, ಗ್ರಾಮಸಭೆ, ವರ್ಷಕ್ಕೊಮ್ಮೆ ಪಂಚಾಯಿತಿ ಲೆಕ್ಕವನ್ನು ಜನರೆದುರು ಇಡುವ ಜಮಾಬಂದಿ, ಇವಕ್ಕೆ ಹೋಗಿ ಟಿಪ್ಪಣಿ ಮಾಡಿಕೊಂಡ ಮೇಲೆ. ಪ್ರಚಾರದ ಖರ್ಚು ಯಾರು ಹಾಕುತ್ತಾರೆ ಎಂಬುದನ್ನು ಮೊದಲೇ ಯೋಚಿಸಿ. ಗುತ್ತಿಗೆದಾರರು ಹಾಕಿದರೆ ಗೆದ್ದ ಮೇಲೆ ಅವರ ಬಿಲ್ಲಿಗೆ ಸಹಿ ಹಾಕಬೇಕಾಗುತ್ತದೆ. ಗೆದ್ದು ಅಧ್ಯಕ್ಷೆಯಾದರೆ, ಹಣ ಪಾವತಿಗೆ ಪಿಡಿಒ ಜೊತೆ ನಿಮ್ಮ ಡಿಜಿಟಲ್ ಸಹಿಯೂ ಬೇಕು. ಆ ಸಹಿ ಹಾಕಲು ಕಂಪ್ಯೂಟರಿಗೆ ಚುಚ್ಚುವ ಡೋಂಗಲ್ಲು, ಅದರ ಪಾಸ್‌ವರ್ಡು ಗಂಡನಿಗೂ ಬೇಡ, ಬಿಲ್ ಕಲೆಕ್ಟರಿಗೂ ಬೇಡ, ಕಂಪ್ಯೂಟರ್ ಆಪರೇಟರಿಗೂ ಬೇಡ. ಕಾಮಗಾರಿ ಕಣ್ಣಾರೆ ನೋಡಿ, ಅಳತೆ ಪುಸ್ತಕ ಓದಿಸಿಕೊಂಡು, ಆಮೇಲೆ ನೀವೇ ಹಾಕಿ.